ತೇಗದ ಪೆಟ್ಟಿಗೆ

ಹಿಂದೆ ವಿಡಿಯೋ ಗೇಮ್ ಅಂಗಡಿಗಳಲ್ಲಿ ಇರುತ್ತಿತ್ತಲ್ಲ, ನಿಂತು ಆಡುವ ಆಳೆತ್ತರದ ಪೆಟ್ಟಿಗೆ, ಅಂಥದ್ದೊಂದನ್ನು ಮನೆಯಲ್ಲೇ ಮಾಡಿಸಲು ಫಣಿರಾಜ ಹೊರಟಿದ್ದ. ಬಡಗಿ ತಂದಿಟ್ಟ ಹಲಗೆಯ ತುಂಡುಗಳನ್ನೆಲ್ಲ ಮೂಗು ಮುರಿಯುತ್ತಲೇ ಪಕ್ಕಕ್ಕೆ ತಳ್ಳಿದ.

"ಇದೂ ಒಂದು ಹಲಗೆನಾ ಆಚಾರ್ರೇ? ಮರದ ಹೊಟ್ಟಿಗೆ ಅಂಟು ಕಲಸಿ ಒತ್ತಿದ್ದು. ಒಂದು ಲೋಟ ನೀರು ಚೆಲ್ಲಿದ್ರೆ ಉಬ್ಬಿಕೊಳ್ಳುತ್ತೆ."

"ನಿಮ್ಮನೆ ದೇವರ ಮಂಟಪಕ್ಕೆ ಇದನ್ನೇ ಹಾಕ್ಸಿದ್ರಲ್ಲ ಸಾರ್."

"ದೇವರೇನು, ಕೂರಿಸಿದ ಕಡೆ ಕೂತಿರ್ತಾನೆ. ಅವನಿಗೆ ಇದು ಸಾಕು ಬಿಡಿ. ನನ್ನದಕ್ಕೆ ತೇಗವೇ ಆಗ್ಬೇಕು."

ಪಕ್ಕದಲ್ಲೇ ಹೂ ಕಟ್ಟುತ್ತಿದ್ದ ತಾಯಿ ತಲೆ ಎತ್ತಲಿಲ್ಲ.

ತೇಗದ ಪೆಟ್ಟಿಗೆ ಸಿದ್ಧವಾಯಿತು. ನಡುವೆ ಟಿವಿ ಪರದೆ ಕೂರಿಸಲು ಅಗಲವಾದ ಗೂಡು, ಅದರ ಕೆಳಗೆ ಒತ್ತಿ ಆಡುವ ಗುಂಡಿಗಳಿಗೆಂದು ಮುಂದೆ ಚಾಚಿದ ಹಲಗೆ. ಫಣಿರಾಜ ಪರದೆ ತರಲು ಪೇಟೆಗೆ ಹೋದ.

ಮರಳಿ ಬಂದಾಗ ಗೂಡಿನೊಳಗೆ ಮನೆದೇವರುಗಳೆಲ್ಲ ಹೂ ಮುಡಿದು ಕೂತಿದ್ದರು. ಮುಂದಿನ ಹಲಗೆಯ ಮೇಲೆ ದೀಪ ಉರಿಯುತ್ತಿತ್ತು.

ಪರದೆ ಹೊತ್ತು ಬಾಗಿಲಲ್ಲೇ ನಿಂತ ಮಗನತ್ತ ತಿರುಗದೆ, ತಾಯಿ ಊದುಬತ್ತಿ ಹಚ್ಚಿದಳು.

"ಹಳೇ ಮಂಟಪ ಖಾಲಿ ಇದೆ. ನಿನ್ನ ಆಟಕ್ಕೆ ಅದು ಸಾಕು ಬಿಡು."