ಪುಟ್ಟಮಾದುವಿನ ಸೀಸೆ

ಬೀಡಿಯ ಚಟವನ್ನು ಮಿದುಳಿನಿಂದ ತೆಗೆಸುವುದು ಈಗ ಹಲ್ಲು ಕೀಳಿಸಿದಷ್ಟೇ ಸಲೀಸು. ತೆಗೆದ ಚಟವನ್ನು ಪುಟ್ಟ ಸೀಸೆಯಲ್ಲಿ ತುಂಬಿ, ಹೆಸರು ಅಂಟಿಸಿ, ವಿಶ್ವವಿದ್ಯಾಲಯದ ಫ್ರಿಜ್ಜಿನಲ್ಲಿ ಇಡುತ್ತಾರೆ. ತಡೆಯಲಾರದೆ ವಾಪಸ್ ಕೇಳಿದವರಿಗೆ ಕೊಟ್ಟುಬಿಡಬೇಕು. ಹಾಗೆ ಎಷ್ಟು ಜನ ಬರುತ್ತಾರೆ ಎಂಬುದೇ ಇಂಚರಳ ಪಿಎಚ್.ಡಿ. ವಿಷಯ. ಈವರೆಗೆ ಒಬ್ಬರೂ ಬಂದಿರಲಿಲ್ಲ. ಖುಷಿಗೆ ಅವಳ ಗೈಡ್‌ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇವತ್ತು ಬಂದವಳು ಚಿಕ್ಕತಾಯಿ, ಗಾರೆ ಕೆಲಸದ ಪುಟ್ಟಮಾದುವಿನ ಹೆಂಡತಿ. ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದಳು.

“ಮೇಡಂ, ನಮ್ಮೆಜಮಾನ್ರ ಸೀಸೆ ಕೊಟ್ಬುಡಿ.”

“ಅವರಿಗೆ ಮತ್ತೆ ಸೇದಬೇಕು ಅನ್ನಿಸ್ತಿದೆಯಾ?”

“ಇಲ್ಲ. ನಾನೇ ಅವ್ರ ಟೀಗೆ ಹಾಕ್ತೀನಿ. ಮೊದ್ಲು ಸಿಟ್ಟು ಬಂದ್ರೆ ಬೀಡಿ ಸೇದಾಕೆ ಆಚೆಗೆ ಹೋಗ್ಬುಡೋರು. ಈಗ ಮನೇಲೇ ಇರ್ತಾರೆ.”

ಇಂಚರಳ ಕೈ ಫ್ರಿಜ್ಜಿನ ಬಾಗಿಲ ಮೇಲೇ ನಿಂತಿತು. ಸೇದಬೇಕು ಅನ್ನಿಸಿತೇ ಎಂದು ಎಲ್ಲರನ್ನೂ ಕೇಳಿದ್ದಳು. ಸೇದದೆ ಏನು ಮಾಡಿದಿರಿ ಎಂದು ಯಾರನ್ನೂ ಕೇಳಿರಲಿಲ್ಲ. ಆದರೂ ಅವಳ ಬಾಯಿಗೆ ಬಂದದ್ದು ನಿಯಮವೇ.

“ಅವರೇ ಬಂದು ಕೇಳಬೇಕಮ್ಮ.”

“ಬಂದಿವ್ನಿ ಮೇಡಂ,” ಎಂದಿತು ಬಾಗಿಲಿನಿಂದ ಒಂದು ದನಿ. ಪುಟ್ಟಮಾದು ನುಣ್ಣಗೆ ಗಡ್ಡ ಬೋಳಿಸಿಕೊಂಡು ನಗುತ್ತ ನಿಂತಿದ್ದ. “ಒಂದ್ಸಲಾನೂ ಬೇಕು ಅನ್ನಿಸ್ಲಿಲ್ಲ. ನಿಮ್ಮ ಹೊಟ್ಟೆ ತಣ್ಣಗಿರ್ಲಿ.” ಆಮೇಲೆ ಹೆಂಡತಿಯತ್ತ ತಿರುಗಿ ಮೆತ್ತಗೆ ಹೇಳಿದ: “ನಡಿ, ಮನೆಗೆ ಹೋಗವ.”

ಚಿಕ್ಕತಾಯಿ ಇಂಚರಳನ್ನೇ ನೋಡುತ್ತ ಎದ್ದಳು. ಅವರು ದಾಟಿಹೋದ ಬಾಗಿಲಾಚೆ, ಕಾರಿಡಾರಿನ ಬೆಂಚಿನ ತುಂಬ ಹೆಂಗಸರು ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಸರದಿಗೆ ಕಾಯುತ್ತಿದ್ದರು.