ವೆಸ್ಲಿ ಪಕ್ಕದ ಜಾಗ

“ಬೇರೆ ರಾಜ್ಯದಲ್ಲಿ ನಿಮ್ಮ ಹೆಸರಿಗೆ ಮನೆ, ಜಮೀನು ಏನಾದ್ರೂ ಇದೆಯಾ?” ದಿವಾಳಿ ಅರ್ಜಿಗಳ ವಿಚಾರಣೆ ಮಾಡುವ ಪ್ರುಯಿಟ್ ತಲೆಯೆತ್ತದೆ ಕೇಳಿದರು. ಬೆಳಗಿನಿಂದ ಬಂದವರಿಗೆಲ್ಲ ಅದೇ ಪ್ರಶ್ನೆ, ಎಲ್ಲರಿಂದಲೂ ಅದೇ ‘ಇಲ್ಲ’.

ಡೆಲ್ಫಾ ಮಲಿನ್ಸ್ ಈಗಷ್ಟೇ ಬಲಗೈ ಎತ್ತಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ್ದಳು. ಎಡವಟ್ಟಾಗಿದ್ದು ಅಲ್ಲೇ. “ಗೋರಿ ಜಾಗ ಲೆಕ್ಕಕ್ಕೆ ಬರುತ್ತಾ ಸಾರ್?” ಎಂದಳು.

ಪಕ್ಕದಲ್ಲಿದ್ದ ಲಾಯರ್ ಹುಡುಗಿ ಟೆಸ್ಸಾ ಕಣ್ಣು ಮುಚ್ಚಿಕೊಂಡಳು. ವೆಸ್ಟ್ ವರ್ಜೀನಿಯಾದಲ್ಲಿ ಗಂಡನನ್ನು ಮಣ್ಣು ಮಾಡಿ ಡೆಲ್ಫಾ ಈ ರಾಜ್ಯದ ಒಮಾಹಾದಲ್ಲಿರುವ ಮಗಳ ಮನೆಗೆ ಬಂದರೆ, ಅವನ ಆಸ್ಪತ್ರೆ ಬಿಲ್ಲುಗಳೂ ಹಿಂದೆಯೇ ಬಂದಿದ್ದವು. ಬಂದು ಎರಡು ವರ್ಷ ತುಂಬಿರಲಿಲ್ಲ. ಹಾಗಾಗಿ ಏನು ಉಳಿಯಬೇಕು, ಏನು ಹೋಗಬೇಕು ಎನ್ನುವುದಕ್ಕೆಲ್ಲ ಹಳೇ ರಾಜ್ಯದ ಕಾನೂನೇ. ಆ ಕಾನೂನು ಗೋರಿ ಜಾಗವನ್ನು ಮುಟ್ಟುವುದಿಲ್ಲ, ಆದರೆ ಅರ್ಜಿಯಲ್ಲಿ ಅದನ್ನು ತೋರಿಸಿರಬೇಕು, ಇಲ್ಲದಿದ್ದರೆ ಮುಚ್ಚಿಟ್ಟ ಆಸ್ತಿಯೆಂದೇ ಲೆಕ್ಕ. ಈ ಮಹಾತಾಯಿ ತೋರಿಸಿರಲಿಲ್ಲ.

“ಯಾಕಮ್ಮಾ ನಂಗೆ ಹೇಳ್ಲಿಲ್ಲ?” ಟೆಸ್ಸಾ ಪಿಸುಗುಟ್ಟಿದಳು.

“ನೀನು ಆಸ್ತಿ ಏನಿದೆ ಅಂತ ಕೇಳ್ದೆ ಕಂದಾ. ಅದು ಆಸ್ತಿನಾ? ಅದು ವೆಸ್ಲಿ ಪಕ್ಕ.”

ಪ್ರುಯಿಟ್ ಈಗ ತಲೆಯೆತ್ತಿದರು. “ಒಬ್ಬರ ಜಾಗವೋ, ಇಬ್ಬರದೋ?”

“ಜೋಡಿ. ಒಂದರಲ್ಲಿ ಅವನಿದ್ದಾನೆ.”

“ಇನ್ನೊಂದು ಖಾಲಿ ಇದೆ ಅಂದ್ರೆ ಮಾರಬಹುದು, ಮಿಸೆಸ್ ಮಲಿನ್ಸ್. ಮುಚ್ಚಿಟ್ಟ ಆಸ್ತಿಯನ್ನ ಮಾರಿ ಸಾಲ ಕೊಟ್ಟವರಿಗೆ ಹಂಚೋದೇ ನನ್ನ ಕೆಲಸ.”

ಡೆಲ್ಫಾಳ ಮುಖದ ಬಣ್ಣವೇ ಹೋಯಿತು. ಮನೆ ಹೋದಾಗ, ಕಾರು ಹೋದಾಗ ಅತ್ತವಳಲ್ಲ. ಈಗ ಕಣ್ಣು ಒರೆಸಿಕೊಂಡಳು. ಕೈಚೀಲ ತಡಕಾಡಿ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಬೂದು ಬಣ್ಣದ, ಅಗಲವಾದ ಒಂದೇ ಗೋರಿಕಲ್ಲು. ಎಡಕ್ಕೆ ವೆಸ್ಲಿ ಮಲಿನ್ಸ್, ಹುಟ್ಟಿದ ವರ್ಷ, ಸತ್ತ ವರ್ಷ. ಬಲಕ್ಕೆ ಡೆಲ್ಫಾ ಮಲಿನ್ಸ್, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಬರೀ ಕಲ್ಲು.

“ಮಾರಿ ಸಾರ್,” ಎಂದಳು ಒರಟಾಗಿ. “ಕೊಳ್ಳೋಕೆ ಬರೋಳ ಹೆಸರೂ ಡೆಲ್ಫಾ ಮಲಿನ್ಸ್ ಅಂತಿರಬೇಕು, ಅಷ್ಟೇ. ನನ್ನಷ್ಟೇ ವಯಸ್ಸಾಗಿರಬೇಕು. ನನ್ನ ಗಂಡನ ಪಕ್ಕ ಮಲಗೋಕೆ ಅವಳಿಗೆ ನಾಚಿಕೆ ಆಗಬಾರದು.”

ಪ್ರುಯಿಟ್ ನಗಲಿಲ್ಲ. ಫೋಟೋವನ್ನು ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಅವಳ ಕಡೆಗೇ ತಳ್ಳಿದರು. “ಲಾಯರಮ್ಮಾ, ಅರ್ಜಿ ತಿದ್ದಿ ಇದನ್ನ ಸೇರಿಸಿ. ಬೆಲೆ ಸೊನ್ನೆ ಅಂತ ಹಾಕಿ.”

“ಸೊನ್ನೆನಾ!” ಡೆಲ್ಫಾ ಎದ್ದೇ ನಿಂತಳು. “ಕ್ರಿಸ್‌ಮಸ್ ದಿನವೂ ಗಣಿಗೆ ಇಳಿದು ದುಡಿದ ದುಡ್ಡಲ್ಲಿ ಕೊಂಡಿದ್ದು ಸಾರ್ ಅವನು! ಸೊನ್ನೆಯಂತೆ!”

ಟೆಸ್ಸಾ ಮೇಜಿನ ಕೆಳಗೆ ಅವಳ ಪಾದ ತುಳಿದಳು. ಡೆಲ್ಫಾ ಕುಳಿತಳು. “ಆಯ್ತು ಬಿಡಿ, ಸೊನ್ನೆನೇ ಹಾಕ್ಕೊಳ್ಳಿ,” ಎಂದು ಮುಖ ಊದಿಸಿಕೊಂಡಳು.

ಉಳಿದಿದ್ದು ಒಂದೇ ಪ್ರಶ್ನೆ. ಇದೊಂದನ್ನು ಟೆಸ್ಸಾ ನಿನ್ನೆಯೆಲ್ಲ ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದಳು. ವಾಪಸ್ ಹೋಗುವ ಮನಸ್ಸಿದೆ ಎಂದರೆ ಈ ರಾಜ್ಯದಲ್ಲಿ ಹಾಕಿದ ಅರ್ಜಿಯೇ ಬಿದ್ದುಹೋಗುತ್ತದೆ, ‘ಇಲ್ಲ’ ಅಂತ ಒಂದೇ ಮಾತು ಹೇಳಿ ಸುಮ್ಮನಾಗಬೇಕು ಎಂದು.

“ವೆಸ್ಟ್ ವರ್ಜೀನಿಯಾಕ್ಕೆ ವಾಪಸ್ ಹೋಗೋ ಉದ್ದೇಶ ಇದೆಯಾ?” ಪ್ರುಯಿಟ್ ಕೇಳಿದರು.

ಡೆಲ್ಫಾ ಫೋಟೋ ನೋಡಿದಳು. ಟೆಸ್ಸಾಳ ಮುಖ ನೋಡಿದಳು. ಎತ್ತಿದ್ದ ಬಲಗೈ ನೆನಪಾಯಿತು.

“ಬದುಕಿರೋ ತನಕ ಇಲ್ಲ ಸಾರ್.”

ಪ್ರುಯಿಟ್ ಅವರ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ‘ಇಲ್ಲ’ ಎಂದಷ್ಟೇ ಬರೆದುಕೊಂಡು, ಮುಂದಿನವರನ್ನು ಕರೆದರು.