ಮಾಲವ್ವನ ಒಪ್ಪಿಗೆ

“ನೀವು ಹೊರಗ ಕೂಡ್ರಿ. ಅವರೊಬ್ಬರನ್ನ ಕೇಳಬೇಕು,” ಎಂದು ವಕೀಲರು ಹೇಳಿದಾಗ, ಅದು ತನಗೇ ಹೇಳಿದ್ದು ಎಂದು ತಿಳಿಯಲು ಪರಸಪ್ಪನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತನ್ನದೇ ಮನೆ, ತನ್ನದೇ ಹೆಂಡತಿ, ತಾನೇ ಮಾಡಿಸಿದ ಚಹಾ. ಹೊರಗೆ ಕೂಡಬೇಕಂತೆ!

“ಅಕಿಗೇನು ತಿಳೀತೈತ್ರಿ ಮೇಡಂ? ನಾನೂ ಇರ್ತೇನಿ. ಇಬ್ಬರೂ ಕೂಡೇ ಹೇಳ್ತೇವಿ.”

“ಹಂಗ ನಡಿಯಂಗಿಲ್ರಿ. ಗಂಡ ಎದುರಿಗೆ ಇರಬಾರದು ಅಂತ ಇಂಗ್ಲೆಂಡಿನ ವಕೀಲರು ಬರದಾರ,” ಎಂದು ಧಾರವಾಡದಿಂದ ಬಂದಿದ್ದ ಅನ್ನಪೂರ್ಣಾ ಮೇಡಂ ಬಾಗಿಲು ಹಾಕಿಕೊಂಡರು.

ಹನ್ನೆರಡು ವರ್ಷದ ಹಿಂದೆ ಮಾಲವ್ವ ಮುಂಬೈನ ಒಂದು ದವಾಖಾನೆಯಲ್ಲಿ, ಇಂಗ್ಲೆಂಡಿನ ಗಂಡಹೆಂಡಿರಿಗಾಗಿ ಒಂದು ಗಂಡುಕೂಸನ್ನು ಹೆತ್ತು ಕೊಟ್ಟಿದ್ದಳು. ಕೂಸು ಅವರದು, ಹೊಟ್ಟೆ ಮಾತ್ರ ಇವಳದು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ ಪರಸಪ್ಪ. ಆದರೆ ಆ ದೇಶದ ಕಾನೂನಿಗೆ ಹೆತ್ತವಳೇ ತಾಯಿ, ಅವಳ ಗಂಡನೇ ತಂದೆ. ಅದನ್ನು ಬದಲಿಸಲು ಕೋರ್ಟಿನ ಆದೇಶ ಬೇಕು. ಕೂಸು ಒಯ್ದವರು ಅದನ್ನು ಆಗಲೇ ಮಾಡಿಸಬೇಕಿತ್ತು, ಮಾಡಿಸಿರಲಿಲ್ಲ. ಈಗ ಹುಡುಗನಿಗೆ ಆಪರೇಷನ್ ಆಗಬೇಕಾಗಿ, ಸಹಿ ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲ ಹೊರಬಿದ್ದಿತ್ತು. ಮಾಲವ್ವ ಒಪ್ಪಿದರೆ ಸಾಕಿದವರೇ ತಂದೆ ತಾಯಿ. ಒಪ್ಪದಿದ್ದರೆ, ಕಂಡು ಕೇಳರಿಯದ ಆ ಹುಡುಗ ಕಾಗದದ ಮೇಲೆ ದಾಂಡೇಲಿ ಪೇಪರ್ ಮಿಲ್ಲಿನ ಪರಸಪ್ಪನ ಮಗ.

ಭಾನುವಾರ ಬೇರೆ, ಓಣಿಯಲ್ಲಿ ಎಲ್ಲರೂ ಮನೆಯಲ್ಲೇ. ಎದುರು ಮನೆಯ ಕಾಶೆವ್ವ ಶೇಂಗಾ ಸುಲಿಯುತ್ತ ಕೇಳಿದಳು. “ಯಾಕ ಪರಸಣ್ಣ, ಹೊರಗ ಕುಂತಿ? ಯಾರು ಬಂದಾರ?”

“ವಿಮಾದವ್ರು.”

“ವಿಮಾದವ್ರು ಬಂದ್ರ ಗಂಡನ್ನ ಹೊರಗ ಹಾಕ್ತಾರೇನು?” ಎಂದು ಅವಳು ನಕ್ಕಳು. ಪರಸಪ್ಪನೂ ನಕ್ಕು ಕುತ್ತಿಗೆಯ ಬೆವರು ಒರೆಸಿಕೊಂಡ.

ಬೆಳಿಗ್ಗೆಯೇ ಹೆಂಡತಿಗೆ ಪಾಠ ಹೇಳಿಕೊಟ್ಟಿದ್ದ: “ಆವಾಗೂ ನನ್ನ ಖುಷಿಲೇ ಹೋಗಿದ್ದೆ ಅನ್ನು. ಹೆಚ್ಚಿಗಿ ಒಂದು ಮಾತು ಬ್ಯಾಡ.” ಅಷ್ಟು ಹೇಳಲು ಎರಡು ನಿಮಿಷ ಸಾಕು. ಅರ್ಧ ತಾಸಾಯಿತು, ಬಾಗಿಲು ತೆರೆಯಲಿಲ್ಲ. ಒಳಗೆ ವಕೀಲರ ದನಿ ಕೇಳುತ್ತದೆ, ನಿಲ್ಲುತ್ತದೆ, ಮತ್ತೆ ಕೇಳುತ್ತದೆ. ಮಾತು ಮಾತ್ರ ತಿಳಿಯುವುದಿಲ್ಲ. ಇವಳು ಎಲ್ಲಾ ಹೇಳಿಬಿಟ್ಟಳು ಎಂದುಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ಮೊದಲು ಬಂದದ್ದು ಹೆದರಿಕೆ. ನಾಚಿಕೆ ಬಂದದ್ದು ಆಮೇಲೆ, ಆ ‘ಎಲ್ಲಾ’ ಎಂದರೆ ಏನೇನು ಎಂದು ಲೆಕ್ಕ ಹಾಕತೊಡಗಿದಾಗ.

ಮುಂಬೈಗೆ ಹೋಗಲು ಒಲ್ಲೆ ಎಂದು ಅವಳು ಎರಡು ದಿನ ಉಣ್ಣದೆ ಮಲಗಿದ್ದಳು. ಬರುವ ರೊಕ್ಕದಲ್ಲಿ ಮನೆಗೆ ಸ್ಲ್ಯಾಬು ಹಾಕಿಸಬೇಕೆಂದು ಹಟ ಹಿಡಿದು ಕಳಿಸಿದವನು ಅವನು. ಗೋವಾದಲ್ಲಿ ಅಡುಗೆ ಕೆಲಸಕ್ಕೆ ಹೋಗಿದ್ದಾಳೆ ಎಂದು ಓಣಿಗೆಲ್ಲ ಹೇಳಿದ್ದ. ಹೆತ್ತು ಹದಿನೈದನೇ ದಿನಕ್ಕೆ ತಿರುಗಿ ಬಂದವಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಮಲಗಿದ್ದಳು. ನೋಡಿದವರಿಗೆ ಬಾಣಂತಿ ಎಂದು ಗೊತ್ತಾಗುತ್ತದಲ್ಲ! “ಅದನ್ನ ಬಿಚ್ಚು. ನಳಕ್ಕ ಹೋಗಿ ನೀರು ತಗೊಂಡು ಬಾ, ನಾಕು ಮಂದಿ ನೋಡ್ಲಿ,” ಎಂದಿದ್ದ. ಬಿಚ್ಚಿಟ್ಟು ಕೊಡ ಎತ್ತಿಕೊಂಡು ಹೋದಳು. ಬಾಣಂತಿಗೆ ಕೊಡುವ ಅಂಟಿನ ಉಂಡಿ ಇಲ್ಲ, ಮೈಗೆ ಬಿಸಿನೀರು ಎರೆಯುವವರಿಲ್ಲ. ಎದೆಹಾಲಿಗೆ ತೊಯ್ದ ಸೀರೆಯನ್ನು ತೋರಿಸಿ ಯಾರೋ ಕೇಳಿದಾಗ, ಕೊಡದ ನೀರು ಚೆಲ್ಲಿತು ಎಂದಳು. ‘ಜಾಣಿ’ ಎಂದು ಅವನು ಅಂದು ಮನಸ್ಸಿನಲ್ಲೇ ಹೊಗಳಿದ್ದ. ಈಗ ಅದು ನೆನಪಾಗಿ, ತನ್ನ ಮುಖ ತಾನೇ ನೋಡಬಾರದು ಎನ್ನುವಷ್ಟು ಹೇಸಿಗೆಯಾಯಿತು.

ಬಾಗಿಲು ತೆರೆಯಿತು. “ಬರ್ರಿ, ನಿಮ್ಮದೂ ಸಹಿ ಬೇಕು,” ಎಂದರು ವಕೀಲರು.

“ಅಕಿ ಒಪ್ಪಿದಳೇನ್ರಿ?”

“ಒಪ್ಯಾರ.”

ಅವನ ಕಾಗದವನ್ನೂ ಅವರು ಓದಿ ಹೇಳಿದರು. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ವಕೀಲರ ಮುಖದಲ್ಲಿ ತಿರಸ್ಕಾರ ಇದೆಯೇ ಎಂದು ಹುಡುಕುತ್ತಲೇ ತೋರಿಸಿದಲ್ಲಿ ಸಹಿ ಹಾಕಿದ. ಅವರು ಪೆನ್ನು ಮುಚ್ಚಿ, ಮಾಲವ್ವನಿಗೆ ಕೈಮುಗಿದು ಹೊರಟರು.

ಕಾರು ಓಣಿ ದಾಟಿದ ಮೇಲೆ ಅವನೇ ಬಾಯಿ ಬಿಟ್ಟ. “ಎಲ್ಲಾ ಹೇಳಿದಿ ಹೌದಲ್ಲ? ಉಪಾಸ ಮಲಗಿದ್ದು, ನೀರಿಗೆ ಕಳಿಸಿದ್ದು... ಹೇಳಿದ್ರ ಹೇಳಿದಿ ಬಿಡು. ಸುಳ್ಳಂತೂ ಅಲ್ಲ.”

“ಅದನ್ನ ಯಾಕ ಹೇಳ್ಲಿರಿ? ಹುಡುಗನ ಕೆಲಸ ನಿಂತು ಹೋಗ್ತಿತ್ತು.”

“ಮತ್ತ ಅಷ್ಟೊತ್ತು ಒಳಗ ಏನು ನಡಿಸಿದ್ರಿ?”

ಮಾಲವ್ವ ಚಹಾದ ಕಪ್ಪು, ಬಸಿಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಎದ್ದಳು.

“ಆ ಹಾಳ್ಯಾಗ ಒಂದು ಸಾಲು ಇತ್ತು. ‘ನಿಮಗ ಮನಸ್ಸಿಲ್ಲಂದ್ರ ಒಲ್ಲೆ ಅನಬಹುದು, ಯಾರೂ ಏನೂ ಅನ್ನಂಗಿಲ್ಲ’ ಅಂತ. ಇನ್ನೊಮ್ಮೆ ಓದ್ರಿ ಅಂದೆ. ಓದಿದ್ರು. ಮತ್ತೊಮ್ಮೆ ಓದ್ರಿ ಅಂದೆ. ಪಾಪ, ಬ್ಯಾಸರಿಲ್ದ ಐದಾರು ಸಲ ಓದಿದ್ರು. ಕೇಳಿ ಕೇಳಿ, ಆಮ್ಯಾಲೆ ಹೂಂ ಅಂದೆ.”